ಮಾನ್ಯ ಮಂತ್ರಿಗಳ ಡಿಸ್ಕು

ಲುಶಿಂಬಾದಲ್ಲಿ ಮಂತ್ರಿಯ ಹೆಸರು ಅಂಟಿಸಿಕೊಳ್ಳದೆ ಯಾವ ವಸ್ತುವೂ ಸರಕಾರಿ ಆಗುತ್ತಿರಲಿಲ್ಲ. ಬಸ್ ನಿಲ್ದಾಣದ ಬೆಂಚಿಗೆ ಒಬ್ಬ ಮಂತ್ರಿ, ಮಾರುಕಟ್ಟೆಯ ಪಾಯಿಖಾನೆಗೆ ಇನ್ನೊಬ್ಬ, ಸ್ಮಶಾನದ ಗೇಟಿಗೆ ಮಂತ್ರಿಯೊಬ್ಬರ ಹೆಂಡತಿ. ಹೀಗಿರುವಾಗ ತಾಮ್ರದ ಗಣಿಯ ಆ ಊರಿನ ಪ್ರಯೋಗಾಲಯಕ್ಕೆ ಹೊಸ ಹಾರ್ಡ್ ಡಿಸ್ಕ್ ಬಂದರೆ ಅದನ್ನು ಹೆಸರಿಲ್ಲದ ಕೂಸಿನಂತೆ ಬಿಡಲಾಗುತ್ತದೆಯೇ? ಆರೋಗ್ಯ ಮಂತ್ರಿ ಕಲಿಂಡಾ ರಾಜಧಾನಿಯಿಂದ ಖುದ್ದಾಗಿ ಬಂದರು. ಡಿಸ್ಕು ಅಷ್ಟರಲ್ಲಿ ಸರ್ವರಿನ ಹೊಟ್ಟೆ ಸೇರಿತ್ತು. ಆದ್ದರಿಂದ ಅದು ಬಂದಿದ್ದ ಖಾಲಿ ರಟ್ಟಿನ ಡಬ್ಬಿಯನ್ನೇ ಕೆಂಪು ಮಖಮಲ್ಲಿನ ದಿಂಬಿನ ಮೇಲಿಟ್ಟು ರಿಬ್ಬನ್ ಕಟ್ಟಿದರು. ಚರ್ಚಿನ ಗಾಯಕರು ಡಬ್ಬಿಯ ಎದುರು ಹಾಡಿದರು. ಶಾಲೆಯ ಮಕ್ಕಳು ಬಿಸಿಲಲ್ಲಿ ನಿಂತು ಡಬ್ಬಿಗೆ ಚಪ್ಪಾಳೆ ತಟ್ಟಿದರು.

ಸಮಾರಂಭಕ್ಕೆ ಮುಂಚೆ ನಿರ್ದೇಶಕ ಡಾಕ್ಟರ್ ಸಿಕಜ್ವೆ, ಸರ್ವರ್ ನೋಡಿಕೊಳ್ಳುವ ಲೊಂಬೆಯನ್ನು ಕರೆದು ಒಂದೇ ಪ್ರಶ್ನೆ ಕೇಳಿದ್ದರು. "ಮಂತ್ರಿಗಳ ಹೆಸರು ಎಲ್ಲಿ ಕಾಣುತ್ತೆ?"

"ಡಿಸ್ಕಿಗೆ ಹೆಸರು ಬೇಕಿಲ್ಲ ಸಾರ್. ಇದು ಲಿನಕ್ಸ್. ಡಿಸ್ಕನ್ನ ಯಾವುದಾದ್ರೂ ಒಂದು ಫೋಲ್ಡರಿಗೆ ಕಟ್ಟಬೇಕು ಅಷ್ಟೆ. ಆ ಫೋಲ್ಡರ್ ತೆಗೆದ್ರೆ ಡಿಸ್ಕಿನೊಳಗೆ ಇರೋದು ಕಾಣುತ್ತೆ."

"ಹಂಗಾದ್ರೆ ಆ ಫೋಲ್ಡರಿಗೇ ಇಡು, ಕಲಿಂಡಾ ಅಂತ."

ಲೊಂಬೆ ಇಟ್ಟಳು. ಯಂತ್ರಕ್ಕೆ ಕಲಿಂಡಾ ಆದರೇನು, ಕುಂಬಳಕಾಯಿ ಆದರೇನು ಎಂದುಕೊಂಡಳು. ಸರ್ವರ್ ಎದ್ದಾಗಲೆಲ್ಲ ಓದುವ ಕಡತದಲ್ಲಿ ಒಂದು ಸಾಲು ಸೇರಿಸಿದಳು: ಈ ಡಿಸ್ಕನ್ನು ಕಲಿಂಡಾಗೆ ಕಟ್ಟು. ಅದರ ಬಾಲಕ್ಕೆ ಇನ್ನೊಂದು ಮಾತು: ಕಟ್ಟಲಾಗದಿದ್ದರೆ ಗಲಾಟೆ ಮಾಡದೆ ಮುಂದಕ್ಕೆ ಹೋಗು. ಹಿಂದೊಮ್ಮೆ ಸ್ವಾತಂತ್ರ್ಯೋತ್ಸವದ ಅತಿಥಿಗಳ ಮುಂದೆ ಹಳೆಯ ಸರ್ವರ್ ಎಂಥದೋ ಸಣ್ಣ ದೂರು ಹೇಳಿಕೊಂಡು ಅರ್ಧಕ್ಕೇ ನಿಂತುಬಿಟ್ಟಿತ್ತು. ಆಗ ಸಿಕಜ್ವೆ ಎಲ್ಲರೆದುರು ಅವಳನ್ನು ಬೈದ ಬೈಗುಳ ಇನ್ನೂ ಕಿವಿಯಲ್ಲಿತ್ತು. ಯಂತ್ರವಾದರೂ ಬಾಯಿ ಮುಚ್ಚಿಕೊಂಡಿರಲಿ ಎಂದು ಹಾಗೆ ಬರೆದಳು. ದೂರು ಹೇಳುವವರ ಬಾಯಿಗೆ ಬಟ್ಟೆ ತುರುಕುವ ಕಚೇರಿಯ ಬುದ್ಧಿ ಅವಳಿಗೂ ಅಷ್ಟಿಷ್ಟು ಅಂಟಿತ್ತು.

ಆ ಡಿಸ್ಕಿನೊಳಗೆ ತುಂಬಿದ್ದು ಕಬುಂಬು ಬಡಾವಣೆಯ ಮಕ್ಕಳ ರಕ್ತದ ಲೆಕ್ಕ. ಗಣಿ ತಾಮ್ರ ತೆಗೆದು ಉಗಿದ, ಸೀಸ ಬೆರೆತ ಬೂದಿಗುಡ್ಡದ ಬುಡದಲ್ಲಿ ಕಬುಂಬು. ಗಾಳಿ ಬೀಸಿದರೆ ಒಗೆದು ಹಾಕಿದ ಬಟ್ಟೆ ಕಂದು, ಮಳೆ ಬಂದರೆ ಬಾವಿಯ ನೀರು ಕಂದು. ಮಕ್ಕಳು ಹೊಟ್ಟೆ ಹಿಡಿದುಕೊಂಡು ಮುದುಡುತ್ತಿದ್ದರು, ಕಲಿತ ಅಕ್ಷರ ಮರೆಯುತ್ತಿದ್ದರು. ತಾಯಂದಿರು ಗಣಿಯ ಮೇಲೆ ಕೇಸು ಹಾಕಿದರು. ರಕ್ತದಲ್ಲಿ ಸೀಸ ಇದೆ ಅನ್ನುವುದಕ್ಕೆ ಪುರಾವೆ ಎಲ್ಲಿ ಎಂದು ಗಣಿಯ ವಕೀಲರು ಕೇಳಿದರು. ನ್ಯಾಯಾಧೀಶರು ಪ್ರಯೋಗಾಲಯಕ್ಕೆ ಅಪ್ಪಣೆ ಕೊಟ್ಟರು: ಮಕ್ಕಳ ರಕ್ತ ಪರೀಕ್ಷಿಸಿ, ಯಂತ್ರ ತೆಗೆದ ಮೂಲ ಅಳತೆಗಳ ಸಮೇತ ತಿಂಗಳ ಕೊನೆಯ ಗುರುವಾರ ಮಧ್ಯಾಹ್ನದೊಳಗೆ ಸಲ್ಲಿಸಬೇಕು, ಸಲ್ಲಿಸದಿದ್ದರೆ ಕೇಸು ವಜಾ.

ಪರೀಕ್ಷೆಯೇನೋ ಎಂದೋ ಮುಗಿದಿತ್ತು. ಆದರೆ ಫಲಿತಾಂಶ ಬಿಡುಗಡೆಗೂ ಮಂತ್ರಿ ಬೇಕಲ್ಲ! ಮಂತ್ರಿಗಳ ದಿನಾಂಕ ಸಿಗುವ ತನಕ ಅದು ಡಿಸ್ಕಿನಲ್ಲೇ ಇರಲಿ, ತಾಯಂದಿರಿಗಾಗಲಿ ವಕೀಲರಿಗಾಗಲಿ ಒಂದು ಪ್ರತಿಯನ್ನೂ ಕೊಡಕೂಡದು, ಇನ್ನೊಂದು ಕಡೆ ನಕಲೂ ಇಡಕೂಡದು ಎಂದು ಸಿಕಜ್ವೆ ಹೇಳಿದ್ದರು. ಹೇಳಿದ್ದು ಬಾಯಿಮಾತಿನಲ್ಲಿ. ಅವರು ಯಾವುದಕ್ಕೂ ಸಹಿ ಹಾಕಿದವರಲ್ಲ. ಎರಡು ಸರಕಾರ ಬಿದ್ದರೂ ಅವರ ಕುರ್ಚಿ ಅಲ್ಲಾಡದಿದ್ದುದು ಆ ಜಾಣತನದಿಂದಲೇ.

ಗುರುವಾರ ಹತ್ತಿರ ಬರುತ್ತಿದ್ದಾಗ ಲೊಂಬೆಯ ಚಿಕ್ಕಮ್ಮ ತೀರಿಕೊಂಡಳು. ದೂರದ ಬಾಂಗ್ವೆಯುಲು ಸರೋವರದ ದಂಡೆಯ ಊರು, ಫೋನಿಗೆ ಸಿಗ್ನಲ್ ಇಲ್ಲ. ಸಾವಿನ ಮನೆಯ ಅಂಗಳದಲ್ಲಿ ಹೆಂಗಸರೊಂದಿಗೆ ಚಾಪೆಯ ಮೇಲೆ ಮಲಗೆದ್ದು, ಅತ್ತು, ಬಂದವರಿಗೆಲ್ಲ ನ್ಶಿಮಾ ಮುದ್ದೆ ತಿರುವಿ ಬಡಿಸಿ, ಗುರುವಾರ ಬೆಳಿಗ್ಗೆ ಲುಶಿಂಬಾದಲ್ಲಿ ಬಸ್ಸಿಳಿದಾಗ ಲೊಂಬೆಗೆ ಪ್ರಪಂಚದಲ್ಲಿ ಏನಾಗಿದೆ ಎಂಬುದೇ ಗೊತ್ತಿರಲಿಲ್ಲ.

ಪ್ರಯೋಗಾಲಯದ ಗೇಟಿನ ಪಕ್ಕ ಬನಾ ಚೋಲಾ ಎಂದಿನಂತೆ ಕರಿದ ಹಿಟ್ಟಿನುಂಡೆ ಮಾರುತ್ತಿದ್ದಳು. ಮಗಳು ಚೋಲಾ ಹುಟ್ಟಿದ ಮೇಲೆ ಅವಳ ಸ್ವಂತ ಹೆಸರನ್ನು ಯಾರೂ ಕರೆದಿರಲಿಲ್ಲ. ಚೋಲಾನ ತಾಯಿ, ಬನಾ ಚೋಲಾ, ಅಷ್ಟೆ. ಲೊಂಬೆಯನ್ನು ಕಂಡವಳೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಚಿಕ್ಕಮ್ಮನ್ನ ಚೆನ್ನಾಗಿ ಕಳಿಸಿಕೊಟ್ರಾ?"

"ಕಳಿಸಿದ್ವಿ ಅಕ್ಕ. ಊರಿಗೂರೇ ಬಂದಿತ್ತು."

"ಪುಣ್ಯವಂತೆ. ನೀನಿಲ್ಲದಾಗ ಇಲ್ಲೂ ಒಂದು ಸಾವಾಯ್ತು ನೋಡು. ಕಲಿಂಡಾ ಹೋದ."

"ಹೆಂಗೆ? ಗಟ್ಟಿಮುಟ್ಟಾಗಿದ್ನಲ್ಲ!"

"ಉಸಿರಾಡ್ತಾ ಇದ್ದಾನೆ ಕಣೇ, ಕುರ್ಚಿ ಹೋಯ್ತು. ಈಗ ಹಾಂಟೋಬೊ ಅಂತ ಹೊಸಬ. ಇವತ್ತು ಬರ್ತಾನಂತೆ. ನೋಡಲ್ಲಿ, ನಿಮ್ಮೋರು ಬೋರ್‌ವೆಲ್ಲಿಗೆ ಮರುನಾಮಕರಣ ಮಾಡ್ತಾ ಇದ್ದಾರೆ." ಗೋಡೆ, ಬೆಂಚು, ನೀರಿನ ತೊಟ್ಟಿ, ಎಲ್ಲೆಲ್ಲಿ ಕಲಿಂಡಾ ಇತ್ತೋ ಅಲ್ಲೆಲ್ಲ ಸುಣ್ಣ ಬಳಿದಿದ್ದರು. ಬನಾ ಚೋಲಾ ದನಿ ತಗ್ಗಿಸಿದಳು. "ಅದು ಹಾಳಾಗ್ಲಿ. ಮಕ್ಕಳ ರಕ್ತ ಕಳೆದುಹೋಯ್ತು ಅಂತಾರಲ್ಲ, ನಿಜವಾ?"

"ಯಾರಂದ್ರು?"

"ಒಳಗಿನೋರೇ. ಡಿಸ್ಕು ಖಾಲಿಯಂತೆ, ಒಂದು ಅಕ್ಷರ ಇಲ್ವಂತೆ. ನನ್ನ ಮಗಳ ತೋಳಿನಿಂದ ಎಳೆದಾಗ ಖಾಲಿ ಇರಲಿಲ್ಲ ಲೊಂಬೆ, ನಾನೇ ಹಿಡಕೊಂಡಿದ್ದೆ. ಮಧ್ಯಾಹ್ನ ಕೋರ್ಟು. ಬರಿಗೈಲಿ ಹೋದ್ರೆ ಗಣಿಯೋರು ನಮ್ಮನ್ನ ಸುಳ್ಳುಬುರುಕಿಯರು ಅಂತ ಊರೆಲ್ಲ ನಗಿಸ್ತಾರೆ."

ಲೊಂಬೆ ಚೀಲವನ್ನು ಹೆಗಲಿನಿಂದ ಇಳಿಸಲೂ ಇಲ್ಲ, ನೇರ ನಿರ್ದೇಶಕರ ಕೋಣೆಗೆ ನುಗ್ಗಿದಳು.

ಸಿಕಜ್ವೆ ಹೊಸ ಸೂಟಿನಲ್ಲಿದ್ದರು. ಪಕ್ಕದಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ ವೆಬ್‌ಸ್ಟರ್ ಹೊಸ ಮಂತ್ರಿಯ ಫೋಟೋವನ್ನು ಮೊಳೆಗೆ ನೇತುಹಾಕುತ್ತಿದ್ದ. ಮೇಜಿನ ಮೇಲೆ ಬಿಳಿ ಕೆನೆಯ ದೊಡ್ಡ ಕೇಕು, ಅದರ ಮೇಲೆ ಗಣಿಯ ಗುರುತು.

"ನಿನ್ನ ದುಃಖದಲ್ಲಿ ನಾವೂ ಭಾಗಿ ಲೊಂಬೆ," ಅಂದರು ಸಿಕಜ್ವೆ. "ಡಿಸ್ಕೂ ತೀರಿಕೊಂಡಿದೆ."

"ಹೊಸ ಡಿಸ್ಕು ಸಾರ್, ಏಕಾಏಕಿ ಹೆಂಗೆ ಸಾಯುತ್ತೆ? ಯಾರು ಮುಟ್ಟಿದ್ರು?"

ವೆಬ್‌ಸ್ಟರ್ ಸ್ಟೂಲಿನ ಮೇಲಿಂದಲೇ ತಿರುಗಿದ. "ಮುಟ್ಟೋದು ಅಂದ್ರೇನು? ಹೆಸರು ಬದಲಾಯಿಸಿದೆ, ಅಷ್ಟೆ. ಕಲಿಂಡಾ ಅನ್ನೋ ಫೋಲ್ಡರ್ ಇಟ್ಕೊಂಡು ಹಾಂಟೋಬೊ ಅವರನ್ನ ಒಳಗೆ ಕರಕೊಳ್ಳೋಕೆ ನಾಚಿಕೆ ಆಗಲ್ವಾ? ಮೊದಲು ಬಿಡ್ಲಿಲ್ಲ ಹಾಳಾದ್ದು. ಇಂಟರ್ನೆಟ್ಟಿನಲ್ಲಿ ನೋಡಿ ಡಿಸ್ಕು ಬಿಚ್ಚಿದೆ, ಫೋಲ್ಡರಿಗೆ ಹಾಂಟೋಬೊ ಅಂತ ಹೆಸರಿಟ್ಟೆ, ಮತ್ತೆ ಕಟ್ಟಿದೆ. ಎಲ್ಲ ಇತ್ತು, ಕಣ್ಣಾರೆ ನೋಡಿದ್ದೀನಿ. ಸೋಮವಾರ ಕರೆಂಟು ಹೋಯ್ತು, ಬಂತು, ಆಮೇಲೆ ಖಾಲಿ."

"ಜನರೇಟರ್?"

"ಅದರ ಡೀಸೆಲ್ಲು ಮಂತ್ರಿಗಳ ಮೆರವಣಿಗೆ ಗಾಡಿಗಳಿಗೆ ಬೇಕಾಗಿತ್ತಲ್ಲ."

ಲೊಂಬೆಯ ತಲೆಯಲ್ಲಿ ಏನೋ ಕ್ಲಿಕ್ಕೆಂದಿತು. "ನನಗೆ ಸ್ವಲ್ಪ ಹೊತ್ತು ಕೊಡಿ ಸಾರ್, ನೋಡ್ತೀನಿ."

"ನೋಡೋಕೆ ಆಗಲ್ಲ. ವಿಚಾರಣಾ ಸಮಿತಿ ರಚನೆ ಆಗಿದೆ. ಸರ್ವರ್ ಕೋಣೆಗೆ ಬೀಗ, ಬಾಗಿಲಿಗೆ ಕಾವಲು. ನೀನು ಆರೋಪಿ ಸ್ಥಾನದಲ್ಲಿದ್ದೀಯ."

"ನಾನು ಸಾವಿನ ಮನೇಲಿದ್ದೆ!"

"ಅದಕ್ಕೇ. ಕರ್ತವ್ಯದ ಸ್ಥಳದಲ್ಲಿ ಇರಲಿಲ್ಲ." ಸಿಕಜ್ವೆ ಕೇಕಿನ ಅಂಚಿನ ಕೆನೆಯನ್ನು ಬೆರಳಿನಿಂದ ಸವರಿ ಬಾಯಿಗಿಟ್ಟುಕೊಂಡರು. "ಗಣಿಯವರು ದೊಡ್ಡ ಮನಸ್ಸು ಮಾಡಿ ತಮ್ಮ ತಂತ್ರಜ್ಞನನ್ನ ಕಳಿಸಿದ್ದಾರೆ. ಒಂದು ಪೈಸೆ ಬೇಡ ಅಂದ್ರು, ಸಮಾಜಸೇವೆ. ಡಿಸ್ಕನ್ನ ಫಾರ್ಮ್ಯಾಟ್ ಮಾಡಿ, ಹೊಚ್ಚ ಹೊಸದು ಮಾಡಿ ಕೊಡ್ತಾರೆ. ಮಂತ್ರಿಗಳು ಬಂದಾಗ ಸ್ವಚ್ಛವಾಗಿರಬೇಕು."

"ಕೇಸು ಇರೋದೇ ಗಣಿಯ ಮೇಲೆ ಸಾರ್! ಪುರಾವೆ ಅಳಿಸೋಕೆ ಅವರನ್ನೇ ಕರೆಸ್ತೀರಾ? ಫಾರ್ಮ್ಯಾಟ್ ಅಂದ್ರೆ ತೊಳೆದು ಹಾಕೋದು!"

"ಖಾಲಿ ಇರೋದನ್ನ ತೊಳೆದ್ರೆ ನಷ್ಟ ಏನು?"

"ಹಂಗೇ ಬರೆದು ಸಹಿ ಮಾಡಿ ಕೊಡಿ. ಖಾಲಿ ಇದೆ, ತೊಳೆಯಿರಿ ಅಂತ."

ಸಿಕಜ್ವೆ ನಕ್ಕರು. ಇಪ್ಪತ್ತು ವರ್ಷದ ನಗು ಅದು, ಎಲ್ಲೂ ಶಾಯಿ ತಾಗದ ನಗು. "ಹೋಗಮ್ಮ, ಕ್ಯಾಂಟೀನಿನಲ್ಲಿ ಕೂತು ಚಾ ಕುಡಿ. ಸಮಿತಿ ಕರೆದಾಗ ಬಾ."

ಕ್ಯಾಂಟೀನಿಗೆ ಹೋಗು ಅಂದಿದ್ದು ಸಿಕಜ್ವೆಯವರು ಆ ದಿನ ಮಾಡಿದ ದೊಡ್ಡ ಉಪಕಾರ. ಸರ್ವರ್ ಕೋಣೆ ಒಂದು ಕಾಲಕ್ಕೆ ಕ್ಯಾಂಟೀನಿನ ಉಗ್ರಾಣವಾಗಿತ್ತು. ಗೋಡೆಯಲ್ಲಿ ಮೆಕ್ಕೆಜೋಳದ ಹಿಟ್ಟು ಕೊಡುತ್ತಿದ್ದ ಸಣ್ಣ ಕಿಂಡಿ ಇನ್ನೂ ಇತ್ತು, ತೆಳು ಹಲಗೆಯ ಬಾಗಿಲು ಹಾಕಿಕೊಂಡು. ಬಾಗಿಲಿಗೆ ಬೀಗ ಜಡಿದವರಿಗೆ, ಕಾವಲು ನಿಲ್ಲಿಸಿದವರಿಗೆ, ಆ ಕೋಣೆಯಿಂದ ಹೊರಟು ಇಡೀ ಕಟ್ಟಡಕ್ಕೆ ಹರಿದಿರುವ ನೀಲಿ ತಂತಿ ಕಣ್ಣಿಗೆ ಬಿದ್ದಿರಲಿಲ್ಲ. ಅವಳ ಪಾಸ್‌ವರ್ಡ್ ರದ್ದು ಮಾಡಬೇಕೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತ್ತಂತೆ. ಆದರೆ ಪಾಸ್‌ವರ್ಡ್ ರದ್ದು ಮಾಡುವ ಕೆಲಸ ಲೊಂಬೆಯದ್ದು, ಅವಳು ರಜೆಯಲ್ಲಿದ್ದಳು.

ಕಿಂಡಿಯ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ತಂತಿ ಚುಚ್ಚಿ, ಸರ್ವರಿನೊಳಕ್ಕೆ ಇಳಿದಳು. ಹಾಂಟೋಬೊ ಫೋಲ್ಡರ್ ತೆಗೆದಳು. ಖಾಲಿ ಹೊಡೆಯುತ್ತಿತ್ತು.

ತಾಳು, ಅಂದುಕೊಂಡಳು. ಸತ್ತವರ ಮನೆಗೆ ಹೋಗಿ ಬಂದ ಮಾತ್ರಕ್ಕೆ ಎಲ್ಲವನ್ನೂ ಹೂಳಬೇಕಾಗಿಲ್ಲ. ಸರ್ವರಿಗೆ ಡಿಸ್ಕು ಕಾಣುತ್ತಿದೆಯೇ? ಕೇಳಿದಳು. ಕಾಣುತ್ತಿದೆ, ಪೂರ್ತಿ ಗಾತ್ರದ ಸಮೇತ. ಕೆಟ್ಟಿದ್ದೇನೆಂದು ಅದು ಎಲ್ಲಾದರೂ ಗೊಣಗಿದೆಯೇ? ಯಂತ್ರದ ದಿನಚರಿಯನ್ನು ಮೇಲಿಂದ ಕೆಳಗೆ ಓದಿದಳು. ಒಂದು ಕೆಮ್ಮೂ ಇಲ್ಲ. ಹಾಗಾದರೆ ಡಿಸ್ಕನ್ನು ಎಲ್ಲಿಗೆ ಕಟ್ಟಿದೆ? ಎಲ್ಲಿಗೂ ಕಟ್ಟಿಲ್ಲ.

ಚಿಕ್ಕಮ್ಮನ ಊರಿನ ದಂಡೆಯಲ್ಲಿ ದೋಣಿಗಳು ನಿಲ್ಲುವುದು ನೆನಪಾಯಿತು. ದಂಡೆಗೊಂದು ಗೂಟ, ಗೂಟಕ್ಕೆ ದೋಣಿ. ವೆಬ್‌ಸ್ಟರ್ ಗೂಟ ಕಿತ್ತು ಬೇರೆ ಕಡೆ ನೆಟ್ಟು, ಅವತ್ತಿನ ಮಟ್ಟಿಗೆ ಕೈಯಾರೆ ದೋಣಿ ಕಟ್ಟಿದ್ದಾನೆ. ಸರ್ವರ್ ಏಳುವಾಗ ಓದುವ ಕಡತದಲ್ಲಿ ಮಾತ್ರ ಹಳೆಯ ಮಾತೇ ಉಳಿದಿದೆ: ಕಲಿಂಡಾಗೆ ಕಟ್ಟು. ಕರೆಂಟು ಹೋಗಿ ಬಂದಾಗ ಯಂತ್ರ ಕಲಿಂಡಾನನ್ನು ಹುಡುಕಿದೆ. ಕಲಿಂಡಾ ಇಲ್ಲ, ಕುರ್ಚಿಯಲ್ಲೂ ಇಲ್ಲ, ಸರ್ವರಿನಲ್ಲೂ ಇಲ್ಲ. ಕೂಗಿಕೊಳ್ಳಬಹುದಿತ್ತು. ಗಲಾಟೆ ಮಾಡದೆ ಮುಂದಕ್ಕೆ ಹೋಗು ಎಂದು ಅದಕ್ಕೆ ಕಲಿಸಿದವಳು ಯಾರು?

"ನನ್ನ ಬುದ್ಧಿಗಿಷ್ಟು," ಎಂದು ಲೊಂಬೆ ಹಣೆ ಬಡಿದುಕೊಂಡಳು. ದೋಣಿ ನೀರಿನಲ್ಲೇ ಇದೆ, ಸರಕೆಲ್ಲ ಅದರೊಳಗೇ ಇದೆ. ಈ ಮಂದಿ ಬರಿಯ ಗೂಟ ನೋಡಿ ದೋಣಿ ಮುಳುಗಿತೆಂದು ಸಮಿತಿ ಮಾಡಿದ್ದಾರೆ.

ಆಗಲೇ ಕಿಂಡಿಯ ಆಚೆ ಬೀಗ ತೆಗೆದ ಸದ್ದು. ಬೂಟುಗಳು. ಹಲಗೆಯ ಸಂದಿಯಲ್ಲಿ ಕಣ್ಣಿಟ್ಟಳು. ಗಣಿಯ ತಂತ್ರಜ್ಞ ಒಳಗೆ ಬಂದಿದ್ದ. ನಡುವಯಸ್ಸು, ತಲೆಗೆ ಹಳದಿ ಹೆಲ್ಮೆಟ್ಟು, ಮೈಮೇಲೆ ಮಿರುಗುವ ಪಟ್ಟಿಯ ಅಂಗಿ, ಕಾಲಿಗೆ ಕಬ್ಬಿಣದ ಮೂತಿಯ ಬೂಟು. ಎದೆಯ ಮೇಲೆ ಗರ್ಶೊಮ್ ಎಂದು ಹೆಸರು. ಅವನ ಕೈಯಲ್ಲಿ ಇನ್ನೆರಡು ಹೆಲ್ಮೆಟ್ಟು, ಹಿಂದೆ ಸಿಕಜ್ವೆ ಮತ್ತು ವೆಬ್‌ಸ್ಟರ್.

"ಹಾಕ್ಕೊಳ್ಳಿ ಸಾರ್. ನೀವೂ."

"ಕಂಪ್ಯೂಟರ್ ಕೋಣೇಲಿ ಹೆಲ್ಮೆಟ್ಟಾ?" ಸಿಕಜ್ವೆಯವರ ದನಿ.

"ಗಣಿ ಕೆಲಸ ಎಲ್ಲಿ ನಡೆದ್ರೂ ಗಣೀನೇ ಸಾರ್. ರೂಲ್ಸು. ಮೊದಲು ಸುರಕ್ಷತೆಯ ನಾಲ್ಕು ಮಾತು ಹೇಳ್ತೀನಿ, ಆಮೇಲೆ ಶುರು ಮಾಡೋದು."

ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು, ಯಾರಿಗಾದರೂ ತಲೆ ಸುತ್ತುತ್ತಿದೆಯೇ, ನಿನ್ನೆ ಕುಡಿದಿದ್ದೀರಾ ಎಂದೆಲ್ಲ ಗರ್ಶೊಮ್ ನಿಧಾನಕ್ಕೆ ಒಪ್ಪಿಸಿದ. ಗಣಿಯ ಬೇಲಿಯೊಳಗೆ ಒಬ್ಬನ ಬೆರಳು ತರಚಿದರೆ ಕೆಲಸ ನಿಲ್ಲಿಸಿ ವಿಚಾರಣೆ ನಡೆಯುತ್ತಿತ್ತು. ಬೇಲಿಯ ಹೊರಗೆ ಮಗುವಿನ ನೆತ್ತರಿಗೆ ಸೀಸ ಇಳಿದರೆ ಅದು ಗಾಳಿಯ ತಪ್ಪು, ಬಾವಿಯ ತಪ್ಪು, ಕೈ ತೊಳೆಯದ ತಾಯಿಯ ತಪ್ಪು.

ಆ ನಾಲ್ಕು ಮಾತಿನ ನಡುವೆ ಲೊಂಬೆಯ ಬೆರಳು ಓಡಿತು. ಹೊಸದೊಂದು ಫೋಲ್ಡರ್ ಮಾಡಿದಳು. ಅದಕ್ಕೆ ಕಬುಂಬು ಎಂದಿಟ್ಟಳು, ಡಿಸ್ಕನ್ನು ಅದಕ್ಕೆ ಕಟ್ಟಿದಳು. ತೆರೆದಳು. ಸಾಲುಸಾಲಾಗಿ ಮಕ್ಕಳು ಎದ್ದುಬಂದರು. ಒಂದು ಹೆಸರೂ ಅಳಿಸಿರಲಿಲ್ಲ. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಫಲಿತಾಂಶ, ಮೂಲ ಅಳತೆ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಲು ಹಚ್ಚಿದಳು. ಮೂಲ ಅಳತೆಯ ರಾಶಿ ದೊಡ್ಡದು, ತಂತಿ ಹಳೆಯದು. ಪರದೆಯ ಮೇಲಿನ ಹಸಿರು ಪಟ್ಟಿ ಬಸುರಿಯಂತೆ ನಡೆಯತೊಡಗಿತು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಅನ್ನಿಸಿತು. ಕಿಂಡಿಯ ಬಾಗಿಲನ್ನು ತಳ್ಳಿ ತಲೆ ತೂರಿಸಿದಳು. "ಸಾರ್! ಫಲಿತಾಂಶ ಸಿಕ್ತು. ಎಲ್ಲ ಅಲ್ಲೇ ಇದೆ. ಡಿಸ್ಕು ಕೆಟ್ಟಿಲ್ಲ, ಕಟ್ಟು ಬಿಚ್ಚಿತ್ತು ಅಷ್ಟೆ. ತೊಳೀಬೇಡಿ."

ಹೆಲ್ಮೆಟ್ಟಿನ ಕೆಳಗೆ ಸಿಕಜ್ವೆಯವರ ಮುಖ ಕಪ್ಪಿಟ್ಟಿತು. ಖುಷಿಪಡಬೇಕಾದ ಮನುಷ್ಯ ಬೆವರಿದರು. "ಯಾರು ಹೇಳಿದ್ದು ನಿನಗೆ ಮುಟ್ಟೋಕೆ? ಕಳೆದಿದೆ ಅಂತ ಸಮಿತಿ ತೀರ್ಮಾನ ಆಗಿದೆ! ಕೋರ್ಟಿಗೆ ವಿಷಾದ ತಿಳಿಸಿ ಆಗಿದೆ! ಈಗ ಸಿಕ್ತು ಅಂದ್ರೆ ನಾವು ಸುಳ್ಳರಾಗಲ್ವಾ?"

"ಕಳೆದದ್ದು ಸಿಕ್ರೆ ಅಮ್ಮಂದಿರು ಕುಣೀತಾರೆ ಸಾರ್. ನೀವ್ಯಾಕೆ ಅಳ್ತೀರಿ?"

"ಗರ್ಶೊಮ್, ನೀನು ಕೆಲಸ ಮುಗಿಸು."

ಗರ್ಶೊಮ್ ಕಿಂಡಿಯಲ್ಲಿದ್ದ ತಲೆಯನ್ನು ಒಮ್ಮೆ ನೋಡಿದ, ಮುಗುಳ್ನಗಲೂ ಇಲ್ಲ, ಮುಖ ಗಂಟಿಕ್ಕಲೂ ಇಲ್ಲ. ಕುಳಿತು ಫಾರ್ಮ್ಯಾಟ್ ಮಾಡುವ ಆಜ್ಞೆ ಒತ್ತಿದ. ಸರ್ವರ್ ಒಂದು ಸಾಲಿನ ಉತ್ತರ ಕೊಟ್ಟಿತು. ಗರ್ಶೊಮ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ.

"ಈ ಡಿಸ್ಕು ಬಳಕೆಯಲ್ಲಿದೆ, ಅಳಿಸಲಾರೆ ಅಂತಿದೆ ಸಾರ್."

"ಕಟ್ಟಿದ್ದನ್ನ ಬಿಚ್ಚು ಮತ್ತೆ!"

ಬಿಚ್ಚಲು ಹೋದ. "ಬಿಚ್ಚೋಕಾಗಲ್ಲ, ಕೆಲಸ ನಡೀತಿದೆ ಅಂತಿದೆ." ಇನ್ನೇನೋ ಒತ್ತಿದ. "ಲೊಂಬೆ ಅನ್ನೋರು ಒಳಗಿದ್ದಾರೆ."

"ಅವಳನ್ನ ಹೊರಗೆ ಹಾಕು! ಹಾಕೋಕೆ ಬರುತ್ತೋ ಇಲ್ವೋ?"

"ಬರುತ್ತೆ ಸಾರ್. ಒಂದು ಗುಂಡಿ ಒತ್ತಿದ್ರೆ ಆಯ್ತು."

ಲೊಂಬೆ ಪಟ್ಟಿಯ ಕಡೆ ನೋಡಿದಳು. ಅರ್ಧ ದಾಟಿರಲಿಲ್ಲ. ಇವನು ಆ ಗುಂಡಿ ಒತ್ತಿದರೆ ಮುಗಿಯಿತು. "ಅಣ್ಣಾ, ಅದು ಮಕ್ಕಳ ರಕ್ತ," ಅಂದಳು.

ಗರ್ಶೊಮ್ ಕೈಗಳನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಪರ್ಮಿಟ್ ಬೇಕು ಸಾರ್."

"ಏನು ಪರ್ಮಿಟ್ಟು?"

"ನಮ್ಮಲ್ಲಿ ಕ್ರಷರ್ ಒಳಗೆ ಕೈ ಹಾಕೋನು ಮೊದಲು ಸ್ವಿಚ್ಚಿಗೆ ತನ್ನ ಬೀಗ ಹಾಕ್ತಾನೆ. ಬೀಗದ ಮೇಲೆ ಅವನ ಹೆಸರು. ಆ ಬೀಗ ತೆಗೆಯೋನು ಅವನೊಬ್ಬನೇ. ಬೇರೆಯವರು ತೆಗೀಬೇಕು ಅಂದ್ರೆ ಆ ಜಾಗದ ಮುಖ್ಯಸ್ಥ ಬರೆದು ಸಹಿ ಹಾಕ್ಬೇಕು: ಒಳಗೆ ಯಾರದೂ ಕೈ ಇಲ್ಲ, ನಾನು ನೋಡಿದ್ದೀನಿ, ಏನಾದ್ರೂ ಆದ್ರೆ ಹೊಣೆ ನಂದು ಅಂತ."

"ಇದು ಕ್ರಷರ್ ಅಲ್ಲಯ್ಯಾ!"

"ಇಲ್ಲಿ ಹೆಸರು ಕಾಣ್ತಿದೆ ಸಾರ್. ಒಳಗೆ ಕೈ ಇದೆ. ನಮ್ಮಣ್ಣನ ಕೈ ಹೋಗಿದ್ದು, ಇದು ಸಣ್ಣ ಮೆಷಿನ್ನು ಬಿಡು ಅಂತ ಒಬ್ಬರು ಅಂದಿದ್ದಕ್ಕೆ."

"ನಿಮ್ಮ ಮ್ಯಾನೇಜರೇ ನಿನ್ನ ಕಳಿಸಿದ್ದು! ಅವರಿಗೆ ಫೋನ್ ಮಾಡಲಾ?"

"ಮಾಡಿ ಸಾರ್. ಪರ್ಮಿಟ್ ಇಲ್ಲದೆ ಬೀಗ ತೆಗೆದೋರನ್ನ ಅವತ್ತೇ ಮನೆಗೆ ಕಳಿಸೋರೂ ಅವರೇ. ಬೇಡ ಅನ್ನಲ್ಲ ನಾನು, ಸಹಿ ಹಾಕಿ ಕೊಡಿ, ಈಗಲೇ ಒತ್ತುತೀನಿ." ಎದೆಯ ಜೇಬಿನಿಂದ ಪೆನ್ನು ತೆಗೆದು ನೀಟಾಗಿ ಮುಂದೆ ಹಿಡಿದ.

ಡಾಕ್ಟರ್ ಸಿಕಜ್ವೆ ಪೆನ್ನನ್ನು ಹಾವು ನೋಡಿದ ಹಾಗೆ ನೋಡಿದರು. ವೆಬ್‌ಸ್ಟರ್ ಕಡೆ ತಿರುಗಿದರು. ವೆಬ್‌ಸ್ಟರ್ ಅದಾಗಲೇ ಬಾಗಿಲಿನಲ್ಲಿದ್ದ.

"ವೆಬ್‌ಸ್ಟರ್, ನೀನೊಂದು ಸಹಿ..."

"ಅಯ್ಯೋ ನಂದು ಸಂಪರ್ಕದ ಇಲಾಖೆ ಸಾರ್. ಗಾಯಕರು ಬಂದ್ರಾ ನೋಡ್ತೀನಿ." ಹೆಲ್ಮೆಟ್ಟಿನ ಸಮೇತ ಓಡಿದ.

"ಸಮಿತಿಯ ಅಧ್ಯಕ್ಷರು ಯಾರು?" ಕಿಂಡಿಯಿಂದ ಲೊಂಬೆ ಕೇಳಿದಳು. "ಅವರು ಹಾಕಬಹುದಲ್ಲ?"

ಸಿಕಜ್ವೆ ಹಲ್ಲು ಕಚ್ಚಿದರು. ಅಧ್ಯಕ್ಷರು ಅವರೇ. ಪೆನ್ನು ಗಾಳಿಯಲ್ಲೇ ನಿಂತಿತ್ತು. ಗಣಿಯ ಕೇಕು ತಿಂದಿದ್ದರು, ಗಣಿಯ ಡೀಸೆಲ್ಲು ಹಾಕಿಸಿಕೊಂಡಿದ್ದರು, ಇನ್ನು ಏನೇನೋ. ಅದೆಲ್ಲ ಸಹಿ ಇಲ್ಲದೆ ನಡೆದಿತ್ತು. ನೂರಾರು ಮಕ್ಕಳ ನೆತ್ತರನ್ನು ಬಾಯಿಮಾತಿನಲ್ಲಿ ಚೆಲ್ಲುವುದಕ್ಕೆ ಅವರಿಗೆ ಅಳುಕಿರಲಿಲ್ಲ. ಒಂದು ಗೆರೆ ಗೀಚಬೇಕೆಂದಾಗ ಕೈ ಮರಗಟ್ಟಿತು.

ಕೊನೆಗೆ ಬಗ್ಗಿ, ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರುತ್ತಿದ್ದಂತೆ, ಗೋಡೆಯ ಪ್ಲಗ್ಗಿಗೆ ಕೈ ಹಾಕಿ ಎಳೆದೇಬಿಟ್ಟರು. ಲೊಂಬೆ ಕಿರುಚಿದಳು. ಮೂಲೆಯಲ್ಲಿದ್ದ ಟೇಬಲ್ ಫ್ಯಾನು ಗರಗರ ಎಂದು ನಿಂತಿತು. ಸರ್ವರ್ ಗುಂಯ್‌ಗುಡುತ್ತಲೇ ಇತ್ತು.

"ಅದಕ್ಕೂ ಪರ್ಮಿಟ್ ಬೇಕು ಸಾರ್," ಅಂದ ಗರ್ಶೊಮ್. ಇನ್ನೊಂದು ಪ್ಲಗ್ಗಿನ ಮುಂದೆ ತನ್ನ ಕಬ್ಬಿಣದ ಬೂಟನ್ನು ಇಟ್ಟುಕೊಂಡ. "ಕರೆಂಟಿನ ಕೆಲಸಕ್ಕೆ ರಬ್ಬರ್ ಗ್ಲೌಸೂ ಹಾಕ್ಬೇಕಾಗುತ್ತೆ."

ಹೊರಗೆ ಸೈರನ್ ಕೂಗಿತು. ಮಂತ್ರಿಯ ಗಾಡಿಗಳು. ಗಾಯಕರು ಹಾಡು ಎತ್ತಿಕೊಂಡರು. ಸಿಕಜ್ವೆ ಕಿಂಡಿಯತ್ತ ಬೆರಳು ಅಲ್ಲಾಡಿಸಿ, ಟೈ ಸರಿಮಾಡಿಕೊಂಡು ಓಡಿದರು.

ಕೋಣೆಯಲ್ಲಿ ಗರ್ಶೊಮ್ ಒಬ್ಬನೇ ಉಳಿದ. "ಎಷ್ಟೊತ್ತು ನಿಮ್ಮ ಕೈ ಒಳಗಿರುತ್ತೆ ಮೇಡಂ?" ಎಂದು ಕೇಳಿದ, ಕೆಲಸದ ದನಿಯಲ್ಲೇ.

"ಇನ್ನೊಂದು ಚೂರು ಅಣ್ಣ."

"ಅವಸರ ಮಾಡಬೇಡಿ. ತೆಗೆದ ಮೇಲೆ ತಿಳಿಸಿ. ನನ್ನ ಕೆಲಸ ಬಾಕಿ ಇದೆ." ಅವನು ಯಾರ ಕಡೆಯವನೆಂದು ಲೊಂಬೆಗೆ ಅವತ್ತೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ.

ಪಟ್ಟಿ ತುಂಬಿತು. ಎರಡು ಬಾರಿ ತಾಳೆ ನೋಡಿ, ಪೆನ್‌ಡ್ರೈವಿಗೂ ಹಾಕಿಕೊಂಡು, ಲ್ಯಾಪ್‌ಟಾಪನ್ನು ಚಿತೆಂಗೆ ಬಟ್ಟೆಯಲ್ಲಿ ಮಗುವಿನಂತೆ ಬೆನ್ನಿಗೆ ಬಿಗಿದುಕೊಂಡು ಲೊಂಬೆ ಹಿಂದಿನ ಬಾಗಿಲಿನಿಂದ ಗೇಟಿಗೆ ಬಂದಳು. ಅಷ್ಟರಲ್ಲಿ ಅಲ್ಲಿ ಕಬುಂಬುವಿನ ಹೆಂಗಸರೆಲ್ಲ ನೆರೆದಿದ್ದರು.

"ಸಿಕ್ತಾ?" ಅಂದಳು ಬನಾ ಚೋಲಾ.

"ಸಿಕ್ತು. ನಡೀರಿ."

ಮುಂದುಗಡೆ ಮಂತ್ರಿ ಹಾಂಟೋಬೊ ಡಿಸ್ಕಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಹಿಂದುಗಡೆಯಿಂದ ಹೆಂಗಸರ ಸಾಲು ಮಾರುಕಟ್ಟೆ ಹಾದು ಕೋರ್ಟಿನ ರಸ್ತೆಗೆ ತಿರುಗಿತು. ಯಾರೋ ಹಾಡು ಶುರುಮಾಡಿದರು. ಓಡುವ ನಡಿಗೆಗೆ ಹಾಡು ಏದುಸಿರಾಯಿತು. ಕೋರ್ಟಿನ ಗುಮಾಸ್ತ ಊಟಕ್ಕೆ ಕಿಟಕಿ ಎಳೆಯುತ್ತಿದ್ದ. ಬನಾ ಚೋಲಾ ತನ್ನ ಮೊಣಕೈಯನ್ನು ಕಿಟಕಿಯ ಸಂದಿಗೆ ಕೊಟ್ಟು ನಿಂತಳು.

"ಅಪ್ಪಾ, ನಿನ್ನ ನ್ಶಿಮಾ ತಣ್ಣಗಾದ್ರೆ ನಾನೇ ಬಿಸಿ ಮಾಡಿಕೊಡ್ತೀನಿ. ಮೊದಲು ಇದನ್ನ ತಗೋ."

ಗುಮಾಸ್ತ ಗೊಣಗಿದ. ಗಡಿಯಾರ ನೋಡಿದ. ಪ್ರಯೋಗಾಲಯದಿಂದ ವಿಷಾದದ ಪತ್ರ ಬಂದಿದೆಯಲ್ಲ ಎಂದ. ಅದಕ್ಕೆ ಯಾರ ಸಹಿ ಇದೆ ಎಂದು ಲೊಂಬೆ ಕೇಳಿದಳು. ತಿರುಗಿಸಿ ತಿರುಗಿಸಿ ನೋಡಿದ, ಯಾರದೂ ಇರಲಿಲ್ಲ. ಪೆನ್‌ಡ್ರೈವ್ ತೆಗೆದುಕೊಂಡು ಮುದ್ರೆ ಒತ್ತಿದ. ಒತ್ತಿದ ಸದ್ದಿಗೆ ಹೆಂಗಸರ ಗಂಟಲಿನಿಂದ ಎದ್ದ ಕೇಕೆಗೆ ಕೋರ್ಟಿನ ಪಾರಿವಾಳಗಳು ಹಾರಿದವು.

ಆಮೇಲೆ ಮೆಟ್ಟಿಲ ಮೇಲೆ ಎಲ್ಲರೂ ಕುಸಿದು ಕೂತರು. ಯಾರೋ ನೀರು ಕೊಟ್ಟರು.

"ಅದನ್ನ ತೆಗಿ," ಅಂದಳು ಬನಾ ಚೋಲಾ, ಲೊಂಬೆಯ ಬೆನ್ನಿನ ಗಂಟು ತೋರಿಸಿ. "ಮಂತ್ರಿ ಬಿಡುಗಡೆ ಮಾಡೋ ಹೊತ್ತಿಗೆ ನನ್ನ ಮಗಳು ಅಜ್ಜಿ ಆಗಿರ್ತಾಳೆ. ಚೋಲಾಂದು ನೋಡಿ ಹೇಳು."

ಲೊಂಬೆ ತೆಗೆದಳು, ಹುಡುಕಿದಳು. ಸಂಖ್ಯೆ ಕಂಡಿತು. "ಐವತ್ತೆಂಟು."

"ಎಷ್ಟಿರಬೇಕು?"

"ಐದಕ್ಕಿಂತ ಕಡಿಮೆ."

ಬನಾ ಚೋಲಾ ಎಣ್ಣೆ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಚಿತೆಂಗೆಯ ಅಂಚಿಗೆ ಒರೆಸಿಕೊಂಡಳು. "ಹಂಗಾದ್ರೆ ಕೋರ್ಟಿಗೆ ಒಳ್ಳೇದು," ಅಂದಳು.

"ಒಳ್ಳೇದು ಅಕ್ಕ. ಕೋರ್ಟಿಗೆ ಬಹಳ ಒಳ್ಳೇದು."

"ಚೋಲಾಗೆ?"

ಲೊಂಬೆ ಪರದೆ ನೋಡುತ್ತ ಕೂತಳು. ಉಳಿದ ಹೆಂಗಸರು ಒತ್ತಿಕೊಂಡು ಬಂದರು. ನಂದು ನೋಡು, ನಂದು ನೋಡು. ಅರವತ್ತೊಂದು. ನಲವತ್ತು. ಎಪ್ಪತ್ತೆರಡು. ಪ್ರತಿ ಸಂಖ್ಯೆಗೂ ಗುಂಪಿನಿಂದ ಒಂದು ಹೂಂಕಾರ ಬರುತ್ತಿತ್ತು. ಸಂತೋಷದ್ದೋ ಸಂಕಟದ್ದೋ ಹೇಳಲಾಗದ ಹೂಂಕಾರ. ದೊಡ್ಡ ಸಂಖ್ಯೆಯವಳ ಬೆನ್ನನ್ನು ಪಕ್ಕದವಳು ತಟ್ಟುತ್ತಿದ್ದಳು, ಗೆದ್ದೆ ಬಿಡು ಅನ್ನುವ ಹಾಗೆ. ತಟ್ಟಿದ ಕೈ ಅಲ್ಲೇ ನಿಂತುಬಿಡುತ್ತಿತ್ತು.

ಗುಂಪಿನ ಹಿಂದಿದ್ದ ಬನಾ ಕುಂಡಾ, ಎರಡು ವರ್ಷದ ಹಿಂದಷ್ಟೇ ಕಬುಂಬುಗೆ ಮದುವೆಯಾಗಿ ಬಂದು ಮೊದಲ ಮಗು ಹಡೆದವಳು, ಮುಂದೆ ಬಂದು ಬಗ್ಗಿದಳು. ಲೊಂಬೆ ಅವಳ ಮಗನ ಹೆಸರು ಹುಡುಕಿದಳು. "ಮೂರು," ಅಂದಳು, ಬೆಳಗಿನಿಂದ ಮೊದಲ ಬಾರಿಗೆ ನಗುತ್ತ. "ನಿನ್ನ ಮಗ ಚೆನ್ನಾಗಿದ್ದಾನಮ್ಮ. ಏನೂ ಇಲ್ಲ."

ಬನಾ ಕುಂಡಾ ಅಕ್ಕಪಕ್ಕದವರ ಮುಖ ನೋಡಿದಳು. ಯಾರೂ ಹೂಂ ಅನ್ನಲಿಲ್ಲ. ಅವಳು ತಪ್ಪು ಮಾಡಿದವಳಂತೆ ಮಗುವನ್ನು ಎದೆಗೆ ಅವುಚಿಕೊಂಡಳು.

"ಇನ್ನೊಂದ್ಸಲ ನೋಡು ಅಕ್ಕ," ಅಂದಳು. "ನಾವೂ ಅದೇ ಬಾವಿ ನೀರೇ ಕುಡಿಯೋದು."